ಅಡಿಕೆ ದರದ ಪುಟದಲ್ಲಿ ಹಳೇ ದರ ಯಾಕೆ ಉಳಿಯುತ್ತದೆ?

ಪ್ರಶ್ನೆ: ಬೆಳೆಗಾರರಿಗಾಗಿ ಅಡಿಕೆ ದರ ತೋರಿಸುವ ಪುಟವನ್ನು ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಟ್ಟುತ್ತಿದ್ದೇನೆ. ಎಲ್ಲವೂ ಒಂದೇ ಕಾಂಪೊನೆಂಟ್‌ನಲ್ಲಿ, ಅಂದರೆ ಪುಟದ ಒಂದೇ ತುಂಡಿನಲ್ಲಿ ಇದೆ. ಮಾರುಕಟ್ಟೆ ಅಥವಾ ಅಡಿಕೆಯ ಬಗೆ ಬದಲಿಸಿದರೆ ಟೇಬಲ್ ಸರಿಯಾಗಿ ಬರುತ್ತದೆ, ಮೇಲಿನ ‘ಗರಿಷ್ಠ ದರ’ ಮಾತ್ರ ಒಮ್ಮೊಮ್ಮೆ ಹಳೆಯದೇ ಇರುತ್ತದೆ. ಪುಟವನ್ನು ಎಷ್ಟು ಕಾಂಪೊನೆಂಟ್ ಮಾಡಲಿ ಸರ್? ಕೋಡ್ ಜೊತೆಗಿದೆ.
– ಓದುಗರು, ಸಾಗರ

ಉತ್ತರ: ಎಷ್ಟು ಕಾಂಪೊನೆಂಟ್ ಎನ್ನುವುದು ಆಮೇಲಿನ ಮಾತು. ತೊಂದರೆ ಇರುವುದು ಸ್ಟೇಟ್‌ನಲ್ಲಿ, ಅಂದರೆ ಕಾಂಪೊನೆಂಟ್ ನೆನಪಿಟ್ಟುಕೊಳ್ಳುವ, ಬದಲಾಗುವ ಮಾಹಿತಿಯಲ್ಲಿ. ಪೂರ್ತಿ ದರಪಟ್ಟಿ, ಆರಿಸಿದ ಮಾರುಕಟ್ಟೆ, ಆರಿಸಿದ ಬಗೆ, ಫಿಲ್ಟರ್ ಆದ ಪಟ್ಟಿ, ಗರಿಷ್ಠ ದರ – ಐದಕ್ಕೂ ಯೂಸ್‌ಸ್ಟೇಟ್ ಬರೆದು ಬೇರೆ ಬೇರೆ ಸ್ಟೇಟ್ ಮಾಡಿದ್ದೀರಿ. ಮೊದಲ ಮೂರು ಇದ್ದರೆ ಉಳಿದೆರಡು ಲೆಕ್ಕಕ್ಕೆ ಸಿಗುತ್ತವಲ್ಲ! ಹಾಗೆ ಸಿಗುವುದನ್ನು ಬೇರೆ ಇಟ್ಟುಕೊಂಡರೆ ಹೊಂದಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಬಗೆಯ ಡ್ರಾಪ್‌ಡೌನ್‌ನಲ್ಲಿ ಗರಿಷ್ಠ ದರವನ್ನೂ ಬದಲಿಸಿದ್ದೀರಿ, ಮಾರುಕಟ್ಟೆಯದ್ದರಲ್ಲಿ ಮರೆತಿದ್ದೀರಿ. ‘ಒಮ್ಮೊಮ್ಮೆ’ ಎಂದಿರಲ್ಲ, ಅದು ಇದೇ.

ಯೂಸ್‌ಎಫೆಕ್ಟ್ (ರೆಂಡರ್, ಅಂದರೆ ಪುಟ ಮೂಡಿಸುವುದು, ಮುಗಿದ ಮೇಲೆ ಓಡುವ ಕೋಡ್) ಸೇರಿಸಿ ಸರಿಮಾಡಿ ಎಂದು ಯಾರಾದರೂ ಹೇಳಿಯಾರು, ಕೇಳಬೇಡಿ. ಆಗ ಹಳೇ ದರದೊಂದಿಗೆ ಒಮ್ಮೆ, ಹೊಸದರೊಂದಿಗೆ ಇನ್ನೊಮ್ಮೆ ರೆಂಡರ್ ಆಗುತ್ತದೆ. ಆ ಎರಡು ಸ್ಟೇಟನ್ನೇ ಅಳಿಸಿ, ರೆಂಡರ್ ಆಗುವಾಗಲೇ ಪಟ್ಟಿ ಫಿಲ್ಟರ್ ಮಾಡಿ, ಅದರಿಂದ ಗರಿಷ್ಠ ದರ ತೆಗೆಯಿರಿ. ನಿಮ್ಮ ನೂರಿನ್ನೂರು ಸಾಲಿಗೆ ಯೂಸ್‌ಮೆಮೊ (ಲೆಕ್ಕದ ಉತ್ತರ ನೆನಪಿಟ್ಟುಕೊಳ್ಳುವ ಸೌಲಭ್ಯ) ಕೂಡ ಬೇಡ. ಒಂದು ಎಚ್ಚರ: ತೀರ್ಥಹಳ್ಳಿಯಲ್ಲಿ ಒಂದು ದಿನ ಗೊರಬಲು ಬಗೆಯ ಅಡಿಕೆ ಬರಲೇ ಇಲ್ಲ ಎನ್ನಿ, ಪಟ್ಟಿ ಖಾಲಿ. ಖಾಲಿ ಪಟ್ಟಿಗೆ, ಅತಿ ದೊಡ್ಡ ಸಂಖ್ಯೆ ಹುಡುಕುವ ಮ್ಯಾಥ್.ಮ್ಯಾಕ್ಸ್ ಕೊಡುವ ಉತ್ತರ ‘ಮೈನಸ್ ಇನ್ಫಿನಿಟಿ’. ಅದನ್ನು ನೋಡಿದ ಬೆಳೆಗಾರರು ಫೋನ್ ಮಾಡುವುದು ನಿಮಗೇ. ಮೊದಲೇ ಪರೀಕ್ಷಿಸಿ ‘ವಹಿವಾಟು ಇಲ್ಲ’ ಎಂದು ತೋರಿಸಿ.

ಈಗ ಭಾಗ ಮಾಡುವ ವಿಚಾರ. ಪುಟವನ್ನು ಕಾಗದದಲ್ಲಿ ಬರೆದು ಚೌಕ ಹಾಕಿ: ಆಯ್ಕೆಯ ಭಾಗ, ಗರಿಷ್ಠ ದರದ ಪೆಟ್ಟಿಗೆ, ಟೇಬಲ್, ಟೇಬಲ್‌ನ ಒಂದು ಸಾಲು. ಸದ್ಯಕ್ಕೆ ಇಷ್ಟು ಸಾಕು. ಮೊದಲು ರಾಶಿ, ಬೆಟ್ಟೆ, ಸರಕು ಎಂಬ ಬಗೆಗಳ ನಾಲ್ಕಾರು ಸಾಲು ಕೈಯಲ್ಲೇ ಬರೆದು, ಸ್ಟೇಟ್ ಇಲ್ಲದೆ ಬರೀ ಪ್ರಾಪ್ಸ್‌ನಿಂದ (ಮೇಲಿನ ಕಾಂಪೊನೆಂಟ್ ಒಳಗಿನದಕ್ಕೆ ಕೊಡುವ ಮಾಹಿತಿ) ಪುಟ ನಿಲ್ಲಿಸಿ. ಮಾರುಕಟ್ಟೆ ಮತ್ತು ಬಗೆಯ ಆಯ್ಕೆ ಡ್ರಾಪ್‌ಡೌನ್‌ನೊಳಗೆ ಇರಬಾರದು. ಪೆಟ್ಟಿಗೆಗೂ ಟೇಬಲ್‌ಗೂ ಅದು ಬೇಕು. ಮೂರನ್ನೂ ಒಳಗೊಂಡ ಹತ್ತಿರದ ಮೇಲಿನ ಕಾಂಪೊನೆಂಟ್‌ನಲ್ಲಿ (ಪೇರೆಂಟ್) ಇಟ್ಟು, ಬದಲಿಸುವ ಫಂಕ್ಷನ್ನನ್ನು ಡ್ರಾಪ್‌ಡೌನ್‌ಗೆ ಪ್ರಾಪ್ ಆಗಿ ಕಳಿಸಿ.

ಅಂದಹಾಗೆ, ಸಾಲನ್ನು ಒತ್ತಿದರೆ ಕನಿಷ್ಠ ದರ ತೆರೆದುಕೊಳ್ಳುವ ಹಾಗೆ ಮಾಡಿದ್ದೀರಿ, ಚೆನ್ನಾಗಿದೆ. ಆದರೆ ರಿಯಾಕ್ಟ್ ಪ್ರತಿ ಸಾಲನ್ನು ಗುರುತಿಸುವ ಕೀ ಆಗಿ ಸಾಲಿನ ಕ್ರಮಸಂಖ್ಯೆ ಕೊಟ್ಟಿದ್ದೀರಿ. ಸಾಲುಗಳ ಕ್ರಮ ಬದಲಾದರೆ ಬೆಟ್ಟೆಗೆ ತೆರೆದದ್ದು ಸರಕಿನ ಸಾಲಿನಲ್ಲಿ ತೆರೆದು ಕೂರುತ್ತದೆ. ಮಾರುಕಟ್ಟೆ ಮತ್ತು ಬಗೆಯ ಹೆಸರು ಸೇರಿಸಿ ಕೀ ಮಾಡಿ.