ಲೋಹದ ಪುಡಿ ಅಷ್ಟು ಒಳ್ಳೆಯ ಇಂಧನವಾದರೆ ಅದಕ್ಕೆ ಮೇಲ್ಲೇಪನ ಯಾಕೆ ಬೇಕು?

ನೀವು ಕೇಳಿದ್ದು ಇಷ್ಟು: ಅಲ್ಯುಮಿನಿಯಂ, ಕಬ್ಬಿಣದ ಪುಡಿಯಲ್ಲಿ ಪೆಟ್ರೋಲಿಗಿಂತ ಜಾಸ್ತಿ ಶಕ್ತಿ ಇದೆಯಂತೆ, ಇಂಗಾಲದ ಹೊಗೆಯೂ ಇಲ್ಲವಂತೆ. ಮತ್ತೆ ಲೇಪನ ಯಾಕೆ? ಅದರಿಂದ ಶಕ್ತಿ ಹೆಚ್ಚುತ್ತಾ? ಇದನ್ನು ಕಾಲೇಜು ಪ್ರಾಜೆಕ್ಟ್‌ಗೆ ತೆಗೆದುಕೊಳ್ಳಬಹುದಾ?

ನಾನು ಕೆಲವು ವರ್ಷ ಒಂದು ಪ್ರಯೋಗಾಲಯದಲ್ಲಿ ಅಲ್ಯುಮಿನಿಯಂ ಪುಡಿ ಸುಡುವ ಕೆಲಸವನ್ನೇ ಮಾಡಿದ್ದೇನೆ. ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಲೇಪನದಿಂದ ಶಕ್ತಿ ಹೆಚ್ಚುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಒಳಗಿರುವ ಶಕ್ತಿ ಬೇಕಾದ ಹೊತ್ತಿಗೆ ಹೊರಗೆ ಬರಲಿ, ಅಲ್ಲಿಯವರೆಗೆ ಹಾಳಾಗದಿರಲಿ ಅಂತ ಲೇಪನ.

ನೀವು ಓದಿದ ಲೆಕ್ಕ ಸುಳ್ಳಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 34 ಮೆಗಾಜೂಲ್ ಇದ್ದರೆ, ಅಷ್ಟೇ ಜಾಗದ ಗಟ್ಟಿ ಕಬ್ಬಿಣದಲ್ಲಿ 58, ಅಲ್ಯುಮಿನಿಯಂನಲ್ಲಿ 84 ಇದೆ. ಆದರೆ ಪುಡಿ ಸುರಿದಾಗ ಹೆಚ್ಚುಕಡಿಮೆ ಅರ್ಧ ಜಾಗ ಗಾಳಿಯದೇ. ತೂಕದ ಲೆಕ್ಕಕ್ಕೆ ಬಂದರೆ ಕಿಲೋ ಪೆಟ್ರೋಲ್‌ಗೆ 46, ಅಲ್ಯುಮಿನಿಯಂಗೆ 31, ಕಬ್ಬಿಣಕ್ಕೆ ಬರೀ 7. ಈ ಸಾಲುಗಳನ್ನು ಬಿಟ್ಟು ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಈಗ ಸಿಪ್ಪೆಯ ವಿಷಯ. ಮನೆಯ ಅಲ್ಯುಮಿನಿಯಂ ಪಾತ್ರೆ ತುಕ್ಕು ಹಿಡಿದು ಉದುರಿ ಹೋಗುವುದಿಲ್ಲ, ಅಲ್ವಾ? ಗಾಳಿ ತಾಗಿದ ಕೂಡಲೇ ಅದರ ಮೇಲೆ 2ರಿಂದ 4 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಸಿಪ್ಪೆ, ಅಂದರೆ ಆಮ್ಲಜನಕದ ಜೊತೆ ಸೇರಿದ ಲೋಹದ ಪದರ, ಕಟ್ಟುತ್ತದೆ. ಪಾತ್ರೆಯನ್ನು ಕಾಪಾಡುವ ಅದೇ ಸಿಪ್ಪೆ ಇಂಧನಕ್ಕೆ ಅಡ್ಡ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಸಿಪ್ಪೆ ಕರಗಲು 2,000 ಡಿಗ್ರಿ ದಾಟಬೇಕು. ಒಳಗೆ ಎಳನೀರಿನ ಹಾಗೆ ಲೋಹ ನೀರಾಗಿದ್ದರೂ ಚಿಪ್ಪು ಬಾಯಿ ಬಿಡುವುದಿಲ್ಲ. ಹಾಗಾಗಿ ದಪ್ಪ ಕಣಕ್ಕೆ ಬೆಂಕಿ ಹತ್ತಿಸುವುದೇ ಕಷ್ಟ.

ಕಣವನ್ನು ನ್ಯಾನೊ ಗಾತ್ರಕ್ಕೆ ಇಳಿಸಿದರೆ 1,000 ಡಿಗ್ರಿಯ ಒಳಗೇ ಹೊತ್ತಿಕೊಳ್ಳುತ್ತದೆ. ಇಲ್ಲಿ ಇನ್ನೊಂದು ಪೆಟ್ಟು. 50 ನ್ಯಾನೊಮೀಟರ್ ಅಗಲದ ಕಣಕ್ಕೆ 3 ನ್ಯಾನೊಮೀಟರ್ ಸಿಪ್ಪೆ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಗಾತ್ರದಲ್ಲಿ ಮೂರನೇ ಒಂದು ಪಾಲು ಸಿಪ್ಪೆಯೇ. ಅಷ್ಟು ಭಾಗ ಆಗಲೇ ಸುಟ್ಟುಹೋದ ಇಂಧನ. ಕಡಲೆಕಾಯಿಯನ್ನು ಕಾಳಿನ ಬೆಲೆಗೆ ಕೊಂಡ ಹಾಗೆ.

ಅದೂ ಹಾಗೇ ಉಳಿಯುವುದಿಲ್ಲ. ಮುಂಗಾರಿಗೆ ಮುಂಚೆ ತೆರೆದಿದ್ದ ನ್ಯಾನೊ ಅಲ್ಯುಮಿನಿಯಂ ಬಾಟಲಿಯೊಂದು ದಸರಾ ಹೊತ್ತಿಗೆ ನಮಗೆ ಮತ್ತೆ ಬೇಕಾಯಿತು. ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಕಪ್ಪು ಬೂದಿಯಂತಿದ್ದ ಪುಡಿ ಬಿಳಿಚಿಕೊಂಡಿತ್ತು. ತೂಕ ನೋಡುತ್ತಲೇ ಬಿಸಿ ಮಾಡುವ ಯಂತ್ರದ ಪುಟ್ಟ ಬಟ್ಟಲಿಗೆ 10 ಮಿಲಿಗ್ರಾಂ ಹಾಕಿದೆ, ಮೂರ್ನಾಲ್ಕು ರಾಗಿ ಕಾಳಿನ ತೂಕ. ಅಪ್ಪಟ ಅಲ್ಯುಮಿನಿಯಂ ಪೂರ್ತಿ ಸುಟ್ಟರೆ ಆಮ್ಲಜನಕ ಸೇರಿ 18.9 ಆಗಬೇಕು. ಹೊಸದರಲ್ಲಿ ಈ ಪುಡಿ 15 ದಾಟುತ್ತಿತ್ತು. ಈ ಸಲ ತೂಕ ಮೊದಲು 10ರಿಂದ ಕೆಳಗೇ ಇಳಿಯಿತು. ತೇವಾಂಶದ ಜೊತೆ ಸೇರಿ ಲೋಹ ಹೈಡ್ರಾಕ್ಸೈಡ್ ಆಗಿಬಿಟ್ಟಿತ್ತು, ಕಾದಾಗ ಆ ನೀರು ಹೊರಗೆ ಬಂತು. ಕೊನೆಗೆ 11 ಕೂಡ ಮುಟ್ಟಲಿಲ್ಲ. ಲೇಪನ ಯಾಕೆ ಬೇಕು ಅಂತ ನನಗೆ ಮನದಟ್ಟಾಗಿದ್ದು ಆವತ್ತು.

ಹಾಗಾದರೆ ಏನು ಹಚ್ಚುತ್ತಾರೆ? ಕಡಲೆಕಾಯಿ ಎಣ್ಣೆಯಲ್ಲೂ ಇರುವ ಓಲಿಯಿಕ್ ಆಮ್ಲವನ್ನು, ಸಿಪ್ಪೆ ಕಟ್ಟುವ ಮೊದಲೇ ಹಚ್ಚಿದರೆ ಅದು ಲೋಹಕ್ಕೆ ಅಂಟಿಕೊಂಡು ತೇವ ತಡೆಯುತ್ತದೆ. ನಿಕಲ್ ಹಚ್ಚಿದರೆ ಕಾದಾಗ ನಿಕಲ್ಲೂ ಅಲ್ಯುಮಿನಿಯಮ್ಮೂ ತಾವೇ ಸೇರಿ ಶಾಖ ಬಿಡುತ್ತವೆ, ಸಿಪ್ಪೆಯ ಕಾಟ ಕಡಿಮೆ. ನನಗೆ ಎಲ್ಲಕ್ಕಿಂತ ಸೊಗಸು ಅನ್ನಿಸುವುದು ಫ್ಲೋರಿನ್ ಇರುವ ಪ್ಲಾಸ್ಟಿಕ್ಕುಗಳು, ಅಂದರೆ ದೋಸೆ ತವಾ ಮೇಲಿನ ಟೆಫ್ಲಾನ್ ಜಾತಿಯವು. ಇವು ಆ ಸಿಪ್ಪೆಯನ್ನೇ ತಿನ್ನುತ್ತವೆ. ಲೋಹ ಹೊತ್ತಿಕೊಳ್ಳುವ ಮುಂಚೆಯೇ ಫ್ಲೋರಿನ್ ಆಕ್ಸೈಡ್ ಜೊತೆ ಸೇರಿ ಒಂದಿಷ್ಟು ಶಾಖ ಕೊಡುತ್ತದೆ. ಆಗ ಹುಟ್ಟುವ ಅಲ್ಯುಮಿನಿಯಂ ಫ್ಲೋರೈಡ್ 1,300 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಿ ಜಾಗ ಖಾಲಿ ಮಾಡುತ್ತದೆ.

ಹೀಗೇ ಇಂಧನವಾಗಿ ಸುಡುವ ಇನ್ನೊಂದು ಪುಡಿ ಬೋರಾನ್. ಅದರದು ತದ್ವಿರುದ್ಧ ಕಷ್ಟ. ಅದರ ಆಕ್ಸೈಡ್ 450 ಡಿಗ್ರಿಗೇ ಕರಗಿ, ಬೆಲ್ಲದ ಪಾಕದ ಹಾಗೆ ಕಣಕ್ಕೆ ಮೆತ್ತಿಕೊಂಡು ಆಮ್ಲಜನಕ ಒಳಗೆ ಹೋಗದಂತೆ ಮಾಡುತ್ತದೆ. ಅದಕ್ಕೆ ಬೇಗ ಉರಿಯುವ ಮೆಗ್ನೀಸಿಯಮ್ ಹಚ್ಚಿ ನೋಡುತ್ತಾರೆ.

ಇದೆಲ್ಲ ನಿಜವಾಗಿ ಲಾಭ ಕೊಡುವುದು ರಾಕೆಟ್‌ನಲ್ಲಿ. ಇಸ್ರೋದ ಎಲ್‌ವಿಎಂ3 ಪಕ್ಕದಲ್ಲಿರುವ ಎರಡು ಎಸ್200 ಬೂಸ್ಟರ್‌ಗಳಲ್ಲಿ ತಲಾ 200 ಟನ್‌ಗಿಂತ ಹೆಚ್ಚು ಘನ ಇಂಧನ ಇರುತ್ತದೆ, ಅದರಲ್ಲಿ ಅಲ್ಯುಮಿನಿಯಂ ಪುಡಿ ಒಂದು ಮುಖ್ಯ ಪಾಲು. ಇಂಥ ಇಂಧನ ಉರಿಯುವಾಗ ಅಲ್ಯುಮಿನಿಯಂ ಕಣಗಳು ಹೊತ್ತಿಕೊಳ್ಳುವ ಮೊದಲು ಕರಗಿ, ಒಂದಕ್ಕೊಂದು ಅಂಟಿ ದೊಡ್ಡ ಹನಿಯಾಗುತ್ತವೆ. ದೊಡ್ಡ ಹನಿ ಪೂರ್ತಿ ಉರಿಯಲು ಸಮಯ ಸಾಲದು. ಬೇಗ ಹೊತ್ತಿಸುವ ಲೇಪನ ಇದ್ದರೆ ಹನಿ ಅಷ್ಟು ದಪ್ಪವಾಗುವುದಿಲ್ಲ. ಆದರೆ ಇದನ್ನು ಶುದ್ಧ ಇಂಧನ ಅನ್ನುವಂತಿಲ್ಲ. ಉರಿಯಲು ಆಮ್ಲಜನಕ ಒದಗಿಸಲು ಜೊತೆಗಿರುವ ಅಮೋನಿಯಂ ಪರ್ಕ್ಲೋರೇಟ್‌ನಿಂದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ.

ಶುದ್ಧ ಇಂಧನ ಅಂತ ಹೆಮ್ಮೆಯಿಂದ ಹೇಳಬಹುದಾದದ್ದು ಕಬ್ಬಿಣ. 2020ರಲ್ಲಿ ನೆದರ್ಲೆಂಡ್ಸ್‌ನ ಲೀಶೌಟ್ ಊರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಐಂಧೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮತ್ತು ಅವರ ಜೊತೆಗಾರರು ಕಬ್ಬಿಣದ ಪುಡಿ ಉರಿಸಿ ಹಬೆ ಮಾಡಿ ತೋರಿಸಿದರು. 100 ಕಿಲೋವಾಟ್‌ನ ಒಲೆ. ಸುರ್‌ಸುರ್ ಬತ್ತಿಯಲ್ಲಿ ಹಾರುವ ಕಿಡಿಯನ್ನು ನೆನೆಸಿಕೊಳ್ಳಿ, ಅದೇ ಉರಿ. ಉಳಿಯುವ ತುಕ್ಕಿನ ಪುಡಿಯನ್ನು ಹಿಡಿದಿಟ್ಟು, ಗಾಳಿ-ಬಿಸಿಲಿನ ವಿದ್ಯುತ್ತಿನಿಂದ ಮಾಡಿದ ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಮತ್ತೆ ಕಬ್ಬಿಣ. ಇಲ್ಲಿ ಫ್ಲೋರಿನ್ ಲೇಪನ ಬೇಡವೇ ಬೇಡ ಅನ್ನುವವನು ನಾನು. ಚಿಮಣಿಯಲ್ಲಿ ಹೈಡ್ರೋಜನ್ ಫ್ಲೋರೈಡ್ ಬಂದರೆ ಅದು ಗಾಜನ್ನೇ ಕೊರೆಯುವ ವಿಷ. ಮೇಲಾಗಿ ಪ್ರತಿ ಸುತ್ತಿನಲ್ಲೂ ಲೇಪನ ಸುಟ್ಟುಹೋಗುತ್ತದೆ, ಪ್ರತಿ ಸಲ ಮತ್ತೆ ಹಚ್ಚಬೇಕು. ಕಬ್ಬಿಣವನ್ನು ಒಣಗಿದ ಜಾಗದಲ್ಲಿ ಮುಚ್ಚಿಡುವುದೇ ಅಗ್ಗ.

ನಿಮ್ಮ ಪ್ರಾಜೆಕ್ಟ್‌ಗೆ ನ್ಯಾನೊ ಅಲ್ಯುಮಿನಿಯಂ ಮುಟ್ಟಬೇಡಿ. ಗಾಳಿಯಲ್ಲಿ ಎದ್ದ ಲೋಹದ ಧೂಳು ಒಂದು ಕಿಡಿಗೆ ಸ್ಫೋಟಿಸುತ್ತದೆ. ಹತ್ತಿಕೊಂಡರೆ ನೀರು ಹಾಕುವಂತಿಲ್ಲ, ಒಣ ಮರಳೇ ಗತಿ. ಬದಲಿಗೆ ಬೆಂಕಿಯೇ ಬೇಡದ ಒಂದು ಪ್ರಯೋಗ ಮಾಡಿ. ಮಾಮೂಲಿ ಕಬ್ಬಿಣದ ಪುಡಿ ಐದೈದು ಗ್ರಾಂ ತೆಗೆದುಕೊಳ್ಳಿ. ಒಂದನ್ನು ಹಾಗೇ ಬಿಡಿ, ಇನ್ನೊಂದಕ್ಕೆ ತೆಳ್ಳಗೆ ಓಲಿಯಿಕ್ ಆಮ್ಲ ಹಚ್ಚಿ, ಮಳೆಗಾಲದ ತೇವದಲ್ಲಿ ಅಗಲ ತಟ್ಟೆಯಲ್ಲಿ ಹರಡಿ ಇಡಿ. ವಾರಕ್ಕೊಮ್ಮೆ ಒಣಗಿಸಿ ತೂಗಿ. ಏರಿದ ತೂಕ ತುಕ್ಕಿನದು, ಅಂದರೆ ಕಳೆದುಕೊಂಡ ಇಂಧನದ್ದು. ಎಂಟು ವಾರದ ಎರಡು ಗೆರೆಗಳನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಎಳೆದು ಇಲ್ಲಿ ಹಾಕಿ, ಜೊತೆಯಲ್ಲಿ ಕೂತು ನೋಡೋಣ.