ಟೊಂಗರಿರೊ ಚಾರಣ: ಏರಿಗಿಂತ ಇಳಿಜಾರಿಗೆ ತಯಾರಾಗಿ

ಮೇಡಂ, ಏಪ್ರಿಲ್‌ನಲ್ಲಿ ಆಕ್ಲೆಂಡ್‌ಗೆ ಮಗಳ ಮನೆಗೆ ಹೋದಾಗ ನ್ಯೂಜಿಲೆಂಡಿನ ಜ್ವಾಲಾಮುಖಿ ಪರ್ವತಗಳ ಮೇಲೆ ಹಾದುಹೋಗುವ ಟೊಂಗರಿರೊ ಆಲ್ಪೈನ್ ಕ್ರಾಸಿಂಗ್ ಚಾರಣ ಮಾಡಬಹುದಾ, ನಂದಿ ಬೆಟ್ಟ ಹತ್ತಿದ ಅಭ್ಯಾಸ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ನಂದಿ ಒಂದೇ ಸಾಲದು.

ದಾರಿ ಸುಮಾರು 20 ಕಿ.ಮೀ., ಏಳೆಂಟು ಗಂಟೆಯ ನಡಿಗೆ. ಮಂಗಟೆಪೊಪೊದಲ್ಲಿ ಸುಮಾರು 1,120 ಮೀಟರ್ ಎತ್ತರದಲ್ಲಿ ಶುರುವಾಗಿ, ರೆಡ್ ಕ್ರೇಟರ್ ಎಂಬ ಜ್ವಾಲಾಮುಖಿ ಬಾಯಿಯ ಅಂಚಿನಲ್ಲಿ 1,886 ಮೀಟರ್ ಮುಟ್ಟಿ, ಕೆಟೆಟಾಹಿ ಕಡೆ ಸುಮಾರು 760 ಮೀಟರಿಗೆ ಇಳಿಯುತ್ತೆ. ಅಂದರೆ ಏರುವುದಕ್ಕಿಂತ ಇಳಿಯುವುದೇ ಜಾಸ್ತಿ. ಉಸಿರಿಗಿಂತ ಮೊಣಕಾಲಿಗೆ ಕೆಲಸ.

ನಿಜವಾದ ಕಷ್ಟ ಇರೋದು ರೆಡ್ ಕ್ರೇಟರ್‌ನಿಂದ ಎಮರಾಲ್ಡ್ ಕೆರೆಗಳ ಕಡೆ ಇಳಿಯುವಲ್ಲಿ. ಸಾವನದುರ್ಗದ ಬಂಡೆಯಲ್ಲಿ ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತೆ. ಆದರೆ ಟೊಂಗರಿರೊದಲ್ಲಿ ಕಾಲಡಿ ಇರೋದು ಜ್ವಾಲಾಮುಖಿ ಉಗುಳಿದ ತೂತುತೂತಾದ ಹಗುರ ಕಲ್ಲಿನ ಚೂರು, ಬೂದಿ. ಇಟ್ಟ ಹೆಜ್ಜೆ ಜಾರುತ್ತೆ. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ; ಆ ದಾರಿಯ ಪಕ್ಕದಲ್ಲೇ ಕಾಣುವ ನೌರುಹೊಯೆ ಶಿಖರ ಕೊನೆಗೆ ಸಿಡಿದದ್ದು 1970ರ ದಶಕದಲ್ಲಿ. ಆ ನೆಲ ಇನ್ನೂ ಗಟ್ಟಿಯಾಗಿ ಕೂತಿಲ್ಲ. ಭಯಕ್ಕೆ ಮೈ ಹಿಂದಕ್ಕೆ ವಾಲಿಸಿದರೆ ಪಾದ ಮುಂದೆ ಹೋಗಿ ಕುಸಿದು ಕೂರುತ್ತೀರಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಊರಿ, ಸಣ್ಣ ಹೆಜ್ಜೆ ಹಾಕಿ. ಎರಡು ಕೋಲು ಇರಲೇಬೇಕು. ಕಲ್ಲು ಒಳಗೆ ಸೇರದಂತೆ ಕಣಕಾಲು ಮುಚ್ಚುವ ಶೂ ಒಳ್ಳೇದು.

ಅಭ್ಯಾಸಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಹತ್ತಿ, ನಡೆದೇ ಇಳಿಯಿರಿ. ಬಸ್ಸಲ್ಲಿ ವಾಪಸ್ ಬರಬೇಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವ ಮೊದಲೇ ಒಮ್ಮೆ ಕುಮಾರ ಪರ್ವತ ಮುಗಿಸಿದರೆ ಅತ್ಯುತ್ತಮ. ಅದರ ಇಳಿಜಾರು ತಾಳಿದ ಮೊಣಕಾಲು ಇದನ್ನೂ ತಾಳುತ್ತೆ.

ಇನ್ನು ಗಾಳಿ. ರೆಡ್ ಕ್ರೇಟರ್ ಏಣಿನ ಮೇಲೆ ಮರೆಗೆ ಒಂದು ಗಿಡವೂ ಇಲ್ಲ. ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನ ಕೊರೆಯುವ ಮಳೆ ಬರಬಹುದು. ಅದಕ್ಕೇ ಆಕ್ಲೆಂಡ್‌ನಿಂದ ಒಂದೇ ದಿನ ಇಟ್ಟುಕೊಂಡು ಹೋಗಬೇಡಿ, ನ್ಯಾಷನಲ್ ಪಾರ್ಕ್ ಹಳ್ಳಿಯಲ್ಲೋ ಟುರಂಗಿಯಲ್ಲೋ ಎರಡು ಮೂರು ದಿನ ಉಳಿಯಿರಿ. ದಾರಿಯ ಮೊದಲ ಭಾಗದಲ್ಲಿ ಸಿಗುವ ಸೋಡಾ ಸ್ಪ್ರಿಂಗ್ಸ್ ಆದಮೇಲೆ ಕಡಿದಾದ ಮೆಟ್ಟಿಲು ಶುರು. ಅಷ್ಟರಲ್ಲಿ ಮೋಡ ಕವಿದು ಗಾಳಿ ತಳ್ಳುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ, ಮಗಳು ಎಷ್ಟೇ ಹುರಿದುಂಬಿಸಲಿ. ಉಣ್ಣೆಯ ಒಳಅಂಗಿ, ಗಾಳಿ-ಮಳೆ ತಡೆಯುವ ಜಾಕೆಟ್, ಕೈಗವಸು, ಟೋಪಿ, ಹೆಡ್‌ಟಾರ್ಚ್. ಹತ್ತಿ ಬಟ್ಟೆ ನೆನೆದರೆ ಮೈ ತಣ್ಣಗಾಗುತ್ತೆ, ಬೇಡ. ದಾರಿಯಲ್ಲಿ ಕುಡಿಯುವ ನೀರಿಲ್ಲ. ತಲಾ ಎರಡು ಮೂರು ಲೀಟರ್ ಹೊತ್ತುಕೊಳ್ಳಿ.

ಏಪ್ರಿಲ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಸಂಜೆ ಬೇಗ ಕತ್ತಲಾಗುತ್ತೆ. ಕಾರನ್ನು ಕೆಟೆಟಾಹಿ ಕಡೆ ಬಿಟ್ಟು ಬೆಳಿಗ್ಗೆ ಮೊದಲ ಶಟಲ್‌ನಲ್ಲಿ ಮಂಗಟೆಪೊಪೊಗೆ ಹೋಗಿ. ಆಗ ಕೊನೆಯ ಬಸ್ ತಪ್ಪುವ ಗಾಬರಿ ಇಲ್ಲದೆ ನಿಮ್ಮ ವೇಗದಲ್ಲಿ ನಡೆಯಬಹುದು.

ಆ ಪರ್ವತಗಳು ಮಾವೊರಿ ಜನರಿಗೆ ಪವಿತ್ರ. 1887ರಲ್ಲಿ ಅವರ ಒಂದು ಬುಡಕಟ್ಟಿನ ಮುಖ್ಯಸ್ಥ ಹೊರೊನುಕು ಟೆ ಹ್ಯೂಹ್ಯೂ ಟುಕಿನೊ ಶಿಖರಗಳನ್ನು ಸರ್ಕಾರಕ್ಕೆ ಒಪ್ಪಿಸಿದ್ದರಿಂದಲೇ ಆ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಶಿಖರ ಹತ್ತಬೇಡಿ, ಕೆರೆಯ ನೀರು ಮುಟ್ಟಬೇಡಿ ಅಂತ ಅವರು ಕೇಳಿಕೊಳ್ಳುತ್ತಾರೆ. ದಯವಿಟ್ಟು ಪಾಲಿಸಿ.

ಹೊರಡುವ ಮುನ್ನ ಶೂ ಅಡಿಯ ಕೆಂಪು ಮಣ್ಣನ್ನು ಬ್ರಷ್ ಹಾಕಿ ಪೂರ್ತಿ ತೊಳೆದು ಒಣಗಿಸಿ. ನ್ಯೂಜಿಲೆಂಡ್ ಪ್ರವೇಶದ ಘೋಷಣಾ ಫಾರಂನಲ್ಲಿ ಬಳಸಿದ ಚಾರಣದ ಶೂ, ಚಟ್ನಿಪುಡಿ, ತಿಂಡಿ ಎಲ್ಲವನ್ನೂ ಬರೆಯಿರಿ. ಘೋಷಿಸಬೇಕಾದ ವಸ್ತು ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.