ಲಗಾಮು ಎಳೆದಷ್ಟೂ ಓಡುವ ಕುದುರೆಗೆ ಇನ್ನೂ ಗಟ್ಟಿ ಕಡಿವಾಣ ಹಾಕಬೇಕಾ?

ರೇಸ್ ಬಿಟ್ಟ ಆರು ವರ್ಷದ ಕುದುರೆಯನ್ನು ಸೋಮವಾರಪೇಟೆಯ ತೋಟಕ್ಕೆ ತಂದಿದ್ದೇವೆ, ಲಗಾಮು ಎಳೆದಷ್ಟೂ ಜೋರಾಗಿ ಓಡುತ್ತದೆ, ಇನ್ನೂ ಗಟ್ಟಿ ಕಡಿವಾಣ (ಲಗಾಮಿಗೆ ಸೇರಿಸಿ ಬಾಯೊಳಗೆ ಕೂರಿಸುವ ಕಂಬಿ) ಹಾಕಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಮಡಿಕೇರಿ ಹತ್ತಿರ ನಮ್ಮದೂ ಕಾಫಿ ತೋಟ. ಹನ್ನೊಂದು ವರ್ಷದಿಂದ ಇಂಥದ್ದೇ ಒಂದು ಹೆಣ್ಣು ಕುದುರೆ ಸಾಕಿದ್ದೇನೆ. ನೀವು ಬರೆದದ್ದೆಲ್ಲ ನನಗೂ ಆಗಿದೆ.

ನಿಮ್ಮ ಕುದುರೆ ಹಟ ಮಾಡುತ್ತಿಲ್ಲ. ಕಲಿತದ್ದನ್ನೇ ಮಾಡುತ್ತಿದೆ. ರೇಸ್‌ನಲ್ಲಿ ಜಾಕಿ ಲಗಾಮು ಬಿಗಿಯಾಗಿ ಹಿಡಿದಿರುತ್ತಾನೆ. ಆ ಬಿಗಿಗೆ ಬಾಯಿ ಒತ್ತಿಕೊಂಡು ಓಡುವುದೇ ಅದಕ್ಕೆ ಅಭ್ಯಾಸ. ನೀವು ‘ನಿಲ್ಲು’ ಅಂತ ಎಳೆದರೆ ಅದಕ್ಕೆ ‘ಓಡು’ ಅಂತ ಅರ್ಥವಾಗುತ್ತದೆ. ಹತ್ತುವಾಗ ಸುಮ್ನೆ ನಿಲ್ಲುವುದಿಲ್ಲ ಅಂತಲೂ ಬರೆದಿದ್ದೀರಿ. ರೇಸ್ ಲಾಯದಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯ ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ. ಜಾಕಿ ರಿಕಾಪು (ಕಾಲಿಡುವ ಬಳೆ) ಗಿಡ್ಡ ಮಾಡಿಕೊಂಡು ಮೇಲೆದ್ದು ಕೂರುತ್ತಾನೆ. ಹಾಗಾಗಿ ನಿಮ್ಮ ಕಾಲು ಪಕ್ಕೆಗೆ ತಗುಲುವುದೂ ಅದಕ್ಕೆ ಹೊಸದು.

ಕಡಿವಾಣ ಕೂರುವ ಜಾಗವನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಸಂದು ಅದು. ಮೂಳೆಯ ಮೇಲೆ ತೆಳು ಚರ್ಮ, ಅಷ್ಟೇ. ಅಲ್ಲಿ ನೋವಾದರೆ ಕುದುರೆ ಇನ್ನೇನು ಮಾಡುತ್ತದೆ? ನೋವಿನಿಂದ ದೂರ ಓಡುವುದು ಅದರ ಹುಟ್ಟುಗುಣ ಅಲ್ವಾ? ಆದ್ದರಿಂದ ಮೊದಲು ವೈದ್ಯರ ಹತ್ತಿರ ಹಲ್ಲು, ಬೆನ್ನು ತೋರಿಸಿ. ದವಡೆ ಹಲ್ಲಿನ ಅಂಚು ಹರಿತವಾಗಿದ್ದರೆ ಅರದಿಂದ ಉಜ್ಜಿ ಸರಿ ಮಾಡುತ್ತಾರೆ. ಕುದುರೆ ನೋಡಿ ಅನುಭವ ಇರುವ ವೈದ್ಯರು ಬೇಕು ಅಂದರೆ ಮೈಸೂರು ಅಥವಾ ಬೆಂಗಳೂರಿನ ರೇಸ್‌ಕೋರ್ಸ್ ಕಡೆ ವಿಚಾರಿಸಿ. ಜೀನು ಬೆನ್ನುಮೂಳೆಗೆ ಒತ್ತುತ್ತಿದೆಯಾ ಅಂತಲೂ ನೋಡಿಸಿ.

ಮೊದಲ ವರ್ಷ ನಾನು ಎಳೆದೇ ಕೆಟ್ಟೆ. ತೋಟದ ಇಳಿಜಾರಿನಲ್ಲಿ ಎರಡೂ ಕೈಯಿಂದ ಎಳೆದೆ, ಅವಳು ಕುತ್ತಿಗೆ ಚಾಚಿ ಓಡಿದಳು. ಸಿಲ್ವರ್ ಓಕ್‌ನ ಕೊಂಬೆ ಬಡಿದು ಬಿದ್ದೆ. ಹೆಲ್ಮೆಟ್ ಇಲ್ಲದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಆಮೇಲೆ ಕುದುರೆ ನೋಡಿಕೊಂಡೇ ಮುದುಕರಾಗಿದ್ದ ಒಬ್ಬರು ಬಂದು ನನ್ನ ಕೈ ನೋಡಿದರು. ‘ಹಿಡಿಯೋದು ಕಲ್ತಿದ್ದೀರಿ, ಬಿಡೋದು ಕಲ್ತಿಲ್ಲ’ ಅಂದರು. ಎಲ್ಲಾ ಇರುವುದು ಅದರಲ್ಲೇ. ಹಿಡಿತ ಬಿಟ್ಟ ಕ್ಷಣದಲ್ಲಿ ಕುದುರೆ ಏನು ಮಾಡುತ್ತಿತ್ತೋ ಅದೇ ಸರಿ ಅಂತ ಅದು ಕಲಿಯುತ್ತದೆ. ಎರಡು ಸೆಕೆಂಡ್ ತಡವಾಗಿ ಬಿಟ್ಟರೆ ಬೇರೆ ಏನನ್ನೋ ಕಲಿಯುತ್ತದೆ.

ಜನವರಿಯಲ್ಲಿ ಭತ್ತ ಕೊಯ್ದ ಗದ್ದೆಗೆ ಅವಳನ್ನು ಇಳಿಸಿದೆ. ನೆಲ ಮೆತ್ತಗೆ, ಸುತ್ತ ಬದು. ಕಾಫಿ ಒಣಗಿಸುವ ಕಣದಲ್ಲಿ ಮಾತ್ರ ಬೇಡ, ಸಿಮೆಂಟಿನ ಮೇಲೆ ಲಾಳ ಜಾರುತ್ತದೆ. ದೊಡ್ಡ ಸುತ್ತು ಹಾಕಿಸುತ್ತಾ ಬರೀ ನಡಿಗೆ. ಉಸಿರು ಬಿಟ್ಟು ಜೀನಿನಲ್ಲಿ ಭಾರವಾಗಿ ಕೂತೆ. ಸುತ್ತಿನ ಒಳಗಡೆಯ ಕೈಯ ಬೆರಳನ್ನು ಮಾತ್ರ ಮುಚ್ಚಿದೆ, ಒದ್ದೆ ಬಟ್ಟೆ ಮೆಲ್ಲಗೆ ಹಿಂಡುವಷ್ಟು. ಒಂದೇ ಕಡೆಯ ಲಗಾಮಿಗೆ ಕುದುರೆ ಭಾರ ಹಾಕಿ ಒರಗುವುದು ಕಷ್ಟ. ಅವಳ ಕಿವಿ ಒಂದು ನನ್ನ ಕಡೆ ತಿರುಗಿತು. ಹೆಜ್ಜೆ ಒಂದು ಚೂರು ಸಣ್ಣದಾಯಿತು. ತಕ್ಷಣ ಬೆರಳು ಬಿಚ್ಚಿದೆ. ಪೂರ್ತಿ ನಿಲ್ಲಲಿ ಅಂತ ಕಾಯಲಿಲ್ಲ. ಮತ್ತೆ ಹತ್ತು ಹೆಜ್ಜೆ, ಮತ್ತೆ ಅದೇ. ದಿನಕ್ಕೆ ಇಪ್ಪತ್ತೇ ನಿಮಿಷ. ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ನಾನು ಉಸಿರು ಬಿಟ್ಟದ್ದಕ್ಕೇ ನಿಂತಳು. ಕುತ್ತಿಗೆ ಇಳಿಸಿ, ತುಟಿ ನೆಕ್ಕಿ, ಮೂಗಿನಿಂದ ಬುಸ್ಸೆಂದು ಗಾಳಿ ಬಿಟ್ಟಳು. ನನಗೆ ಕಣ್ಣಲ್ಲಿ ನೀರು ಬಂತು.

ನಡಿಗೆಯಲ್ಲಿ ಇದು ಬರದೆ ಓಟಕ್ಕೆ ಹೋಗಬೇಡಿ. ಒಳ್ಳೆಯ ಕೈ ಹೇಗಿರುತ್ತದೆ ಅಂತ ನೋಡಬೇಕಾದರೆ, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುದುರೆ ಸವಾರಿಗೆ ಎರಡು ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಅವರ ವಿಡಿಯೊ ನೋಡಿ. ಜಿಗಿತ ಬಿಟ್ಟು ಬರೀ ಕೈ ನೋಡಿ.

ಆಹಾರದ ಬಗ್ಗೆ ನೀವು ಬರೆದಿಲ್ಲ. ರೇಸ್‌ನಲ್ಲಿ ತಿನ್ನುತ್ತಿದ್ದಷ್ಟೇ ಓಟ್ಸ್, ಹುರುಳಿ ಈಗಲೂ ಕೊಡುತ್ತಿದ್ದರೆ ಆ ಕಸುವೆಲ್ಲ ಎಲ್ಲಿಗೆ ಹೋಗಬೇಕು? ಕಾಳು ಕಡಿಮೆ ಮಾಡಿ ಹುಲ್ಲು ಜಾಸ್ತಿ ಮಾಡಿ. ಆದರೆ ಒಂದೇ ದಿನಕ್ಕಲ್ಲ, ಹತ್ತು ಹದಿನೈದು ದಿನ ತೆಗೆದುಕೊಳ್ಳಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ಕೆಟ್ಟರೆ ಜೀವಕ್ಕೇ ಬರುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಹುಲ್ಲು ಹಾಕಲೇಬೇಡಿ.

ತೋಟದ ದಾರಿಗೆ ಹೋಗುವ ಹೊತ್ತಿಗೆ ಇಷ್ಟು ನೆನಪಿರಲಿ. ಇಳಿಜಾರಿನಲ್ಲಿ ನೆಟ್ಟಗೆ ಕೂತು ಲಗಾಮು ಸಡಿಲ ಬಿಡಿ, ಅದು ಕುತ್ತಿಗೆ ಆಡಿಸಿಯೇ ತೂಕ ಸರಿಮಾಡಿಕೊಳ್ಳುವುದು. ಪಕ್ಕದಲ್ಲಿ ಕಂದಕ ಇರುವ ಕಿರುದಾರಿಯಲ್ಲಿ ಒಂದೇ ಕಡೆ ತಲೆ ತಿರುಗಿಸಿ ನಿಲ್ಲಿಸಲು ಹೋಗಬೇಡಿ, ಇಬ್ಬರೂ ಉರುಳುತ್ತೀರಿ. ಕಾಫಿ ಕೊಯ್ಯುವ ದಿನಗಳಲ್ಲಿ ನೆಲಕ್ಕೆ ಹಾಸಿದ ಟಾರ್ಪಾಲ್ ಗಾಳಿಗೆ ಪಟಪಟ ಅನ್ನುತ್ತದೆ. ಮೊದಲು ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಹೋಗಿ ಅದನ್ನು ತೋರಿಸಿ. ಮುಂಜಾವು, ಸಂಜೆಗತ್ತಲಲ್ಲಿ ಆನೆ ಓಡಾಡುವ ಕಡೆ ಸವಾರಿ ಬೇಡ.

ಈಗ ಬಾಯಲ್ಲಿರುವ ಕಡಿವಾಣದ ಫೋಟೊ ಒಂದು ಹಾಕಿ. ಬಾಯಿಗೆ ಅಳತೆ ಸರಿಯಿದೆಯಾ ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಹತ್ತಬೇಡಿ, ಗದ್ದೆಯಲ್ಲಿ ಜೊತೆಗೆ ನಡೆಯಿರಿ.